‘ಬೀಳಲಿಲ್ಲವಲ್ಲ ಮೇಡಂ’

‘ಇನ್ನೊಂದೇ ಒಂದು ಸಲ ಆಡ್ತೀನಿ’ ಎನ್ನುವ ಆಟಗಾರರು, ಅವರ ಹಿಂದೆ ಕಣ್ಣೊರೆಸಿಕೊಳ್ಳುತ್ತಾ ಬರುವ ಮನೆಯವರು ಮಡಿಕೇರಿಯಲ್ಲಿ ಆಪ್ತಸಲಹೆ ನೀಡುವ ನನಗೆ ಹೊಸಬರಲ್ಲ. ಹಾಕಿಯವರಾದರೆ ಮಂಡಿನೋವು, ಬೇಸರದಲ್ಲಿ ಮುಗಿಯುತ್ತದೆ. ಬಾಕ್ಸಿಂಗ್‌ನಲ್ಲಿ ಹಾಗಲ್ಲ. ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಈ ಬಾಕ್ಸರ್‌ಗೆ ಮೂವತ್ತೈದರ ಆಸುಪಾಸು. ಸೈನ್ಯದಲ್ಲಿ ಬಾಕ್ಸಿಂಗ್ ಕಲಿತು, ಪೆನ್ಷನ್ ಬಂದ ಮೇಲೆ ವೃತ್ತಿಪರರಾದವರು. ಅವರ ತೂಕದ ವಿಭಾಗ ಲೈಟ್ ಹೆವಿವೇಟ್, ಮಿತಿ 175 ಪೌಂಡ್, ಅಂದರೆ 79.4 ಕಿಲೋ. ಮನೆಯಲ್ಲಿದ್ದಾಗ ಅವರು 88 ಕಿಲೋ. ಮಿತಿಗೆ ಇಳಿಯಲು, ಪಂದ್ಯದ ಹಿಂದಿನ ದಿನ ತೂಕ ಹಾಕುವ ತನಕ ನೀರು ಕುಡಿಯದೆ, ಚ್ಯೂಯಿಂಗ್ ಗಮ್ ಅಗಿದು ಬಾಟಲಿಗೆ ಉಗುಳುತ್ತಾ ಕೂರುತ್ತಾರೆ ಎಂದರು ಹೆಂಡತಿ. ಈಚೆಗೆ ಕೆಲಸದವರಿಗೆ ಕೂಲಿ ಕೊಟ್ಟದ್ದೇ ಮರೆತು ಮತ್ತೆ ಕೊಡಲು ಹೋಗಿದ್ದರಂತೆ.

ಎರಡನೇ ಭೇಟಿಯಲ್ಲಿ ಅವರು ತಯಾರಾಗಿಯೇ ಬಂದಿದ್ದರು. ‘ಬರ್ನಾರ್ಡ್ ಹಾಪ್ಕಿನ್ಸ್ 2011ರಲ್ಲಿ ಇದೇ ತೂಕದಲ್ಲಿ ಚಾಂಪಿಯನ್ ಆದಾಗ 46 ವರ್ಷ ಮೇಡಂ. ನನಗೇನು ವಯಸ್ಸಾಗಿದೆ?’ ಹಾಪ್ಕಿನ್ಸ್ ಅಷ್ಟು ಕಾಲ ಉಳಿದದ್ದು ಏಟು ತಪ್ಪಿಸಿಕೊಳ್ಳುವ ಜಾಣ್ಮೆಯಿಂದ ಎಂದೆ. ನೀವು ಹೇಗೆ ಆಡುತ್ತೀರಿ ಎಂದು ಕೇಳಿದೆ.

‘ನಾನು ಹಿಂದೆ ಸರಿಯೋನಲ್ಲ. ಹೋದ ಪಂದ್ಯದ ಕೊನೇ ಎರಡು ರೌಂಡು ನನಗೆ ನೆನಪೇ ಇಲ್ಲ, ವಿಡಿಯೋ ನೋಡಿದ ಮೇಲೇ ಗೊತ್ತಾಗಿದ್ದು. ಆದರೂ ಬೀಳಲಿಲ್ಲವಲ್ಲ ಮೇಡಂ!’

ಹೆಮ್ಮೆಯಿಂದಲೇ ಹೇಳಿದರು. ಪಕ್ಕದಲ್ಲಿದ್ದ ಹೆಂಡತಿಗೆ ಇದು ಗೊತ್ತೇ ಇರಲಿಲ್ಲ. ‘ಆ ರಾತ್ರಿ ಕಾರು ಓಡಿಸಿಕೊಂಡು ಬಂದಿರಲ್ಲ ನೀವು, ಮಗು ಹಿಂದೆ ಮಲಗಿತ್ತು’ ಎಂದರು. ಗಂಡ ತಲೆ ತಗ್ಗಿಸಿದರು. ನಾನೂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಬಾಕ್ಸರ್ ಸಿ.ಸಿ. ಮಾಚಯ್ಯ ನಮ್ಮ ಕೊಡಗಿನವರು. ಈ ಆಟದ ಬಗ್ಗೆ ನನಗೆ ಗೌರವವಿದೆ. ಆದರೆ ಬೀಳದೆ ನಿಂತವನಿಗೆ ಏನೂ ಆಗಿಲ್ಲ ಎಂಬ ನಂಬಿಕೆ ಅಪಾಯಕಾರಿ. ಎಚ್ಚರ ತಪ್ಪದೆಯೂ ಮೆದುಳಿಗೆ ಪೆಟ್ಟಾಗುತ್ತದೆ. ಹೆಚ್ಚಿನ ಸಲ ಆಗುವುದೇ ಹಾಗೆ. ಬಾಕ್ಸರ್‌ಗಳ ತಲೆಗೆ ಬೀಳುವ ಏಟುಗಳಿಂದ ವರ್ಷಗಳ ನಂತರ ಕಾಣಿಸುವ ತೊಂದರೆಯನ್ನು ಡಾ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು.

ನಾನು ಹೇಳಿದ್ದು ಇಷ್ಟು: ನರರೋಗ ತಜ್ಞರು ನೋಡುವ ತನಕ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಕೂಡ ಬೇಡ. ಸ್ಕ್ಯಾನ್ ಸರಿಯಿದ್ದ ಮಾತ್ರಕ್ಕೆ ನೆಮ್ಮದಿ ಬೇಡ, ನೆನಪಿನ ಪರೀಕ್ಷೆಯೂ ಆಗಬೇಕು. ಡಾಕ್ಟರ ಹತ್ತಿರ ಹೋಗುವಾಗ ಹೆಂಡತಿಯೂ ಜೊತೆಗಿರಬೇಕು, ಮರೆತದ್ದನ್ನು ಮರೆತವರು ಹೇಳಲಾರರು. ಇನ್ನೊಂದು ಮಾತು: ರಿಂಗಿನಲ್ಲಿ ಟವೆಲ್ ಎಸೆದು ಪಂದ್ಯ ನಿಲ್ಲಿಸಲು ಹೇಳುವ ಅಧಿಕಾರ ನಿಮಗಿಲ್ಲ, ನಿಮ್ಮ ಕಾರ್ನರ್‌ನಲ್ಲಿ ನಿಲ್ಲುವ ತರಬೇತುದಾರರಿಗಿದೆ, ಮನೆಯಲ್ಲಿ ಆ ಅಧಿಕಾರ ಯಾರಿಗೆ ಕೊಟ್ಟಿದ್ದೀರಿ?

‘ಬಿಟ್ಟುಬಿಡಿ’ ಎಂದು ನಾನು ಹೇಳಲಿಲ್ಲವೆಂದು ಅವರ ಅತ್ತೆ ಮನೆಯವರಿಗೆ ಸಿಟ್ಟು. ನಾನು ಹೇಳಿದ್ದರೆ ಅವರು ಎದ್ದು ಹೋಗುತ್ತಿದ್ದರು, ಗುಟ್ಟಾಗಿ ಆಡುತ್ತಿದ್ದರು. ಹಾಗೆ ಆದದ್ದನ್ನು ನೋಡಿದ್ದೇನೆ. ಏಟು ತಿನ್ನುವವನು ಮನೆಯವರಿಂದ ಮುಚ್ಚಿಡತೊಡಗಿದರೆ ಕಾಯುವವರೇ ಇರುವುದಿಲ್ಲ.

ಬೆಂಗಳೂರಿಗೆ ಇಬ್ಬರೂ ಹೋಗಿ ಬಂದಿದ್ದಾರೆ. ಡಾಕ್ಟರು ಆರು ತಿಂಗಳು ಗ್ಲೌಸ್ ಮುಟ್ಟಬೇಡಿ ಎಂದಿದ್ದಾರೆ. ಮುಂದಿನ ಪಂದ್ಯದ ಕರಾರುಪತ್ರಕ್ಕೆ ಅವರು ಇನ್ನೂ ಸಹಿ ಹಾಕಿಲ್ಲ, ವಾಪಸ್ಸೂ ಕಳಿಸಿಲ್ಲ. ಅದು ಈಗ ಹೆಂಡತಿಯ ಬೀರುವಿನಲ್ಲಿದೆ. ಇಟ್ಟುಕೋ ಎಂದು ಕೊಟ್ಟವರು ಅವರೇ.