ಪ್ರಾರ್ಥಿಸಿದರೂ ಹೊಸಬಲ ಬರುತ್ತಿಲ್ಲ, 21 ದಿನದ ಉಪವಾಸ ಹಿಡಿಯಲೇ?

ಹಿಡಿಯಬೇಡಿ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತ, ಚರ್ಚಿನ ಸಭೆಯ ಹಾಡಿನ ತಂಡವನ್ನೂ ನಡೆಸುತ್ತ, "'ಯೆಹೋವನನ್ನು ನಿರೀಕ್ಷಿಸುವವರು ಹೊಸಬಲ ಹೊಂದುವರು' ಎನ್ನುವ ಬೈಬಲಿನ ಯೆಶಾಯ 40:31 ಬಾಯಿಪಾಠ ಇದೆ, ಹೊಸಬಲ ಮಾತ್ರ ಬರುತ್ತಿಲ್ಲ" ಎಂದು ಬರೆದಿದ್ದೀರಿ. 2018ರ ನನ್ನ ಡೈರಿಯಲ್ಲಿ ಹೆಚ್ಚುಕಡಿಮೆ ಇದೇ ಸಾಲು ಇದೆ.

ನಮ್ಮದು ಗದಗ ಪಕ್ಕದ ಬೆಟಗೇರಿ. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಶನ್‌ನ ಕಾಲದಲ್ಲಿ ಸಭೆಗೆ ಸೇರಿದ ನೇಕಾರರ ಮನೆತನ. ಅಜ್ಜ ಸಭೆಯ ಹಿರಿಯ, ಅಪ್ಪ ಖಜಾಂಚಿ, ನಾನು ಭಾನುವಾರ ಶಾಲೆಯ ಶಿಕ್ಷಕ. ಇಂಥ ಮನೆಯಲ್ಲಿ "ನನ್ನಿಂದ ಆಗ್ತಿಲ್ಲ" ಎಂಬ ಮಾತು ಸುಲಭವಾಗಿ ಬಾಯಿಂದ ಹೊರಡುವುದಿಲ್ಲ. ಆ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಿದ್ದಳು, ಒಬ್ಬಳೇ ಆಗುತ್ತಿರಲಿಲ್ಲ. ಅಪ್ಪ ತೀರಿಕೊಂಡಿದ್ದರು, ನನಗೆ ಮದುವೆಯಾಗಿರಲಿಲ್ಲ. ಹಗಲು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಮೂರು ಸಲ ಎದ್ದು ಅವ್ವನನ್ನು ಬಚ್ಚಲಿಗೆ ಕರೆದೊಯ್ಯುವುದು.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ಮೈಗೆ ಬಂದ ದಣಿವನ್ನು ನಾನು ವಿಶ್ವಾಸದ ಕೊರತೆ ಎಂದುಕೊಂಡೆ. ಪ್ರಾರ್ಥನೆಗೆ ಕೂತರೆ ತೂಕಡಿಕೆ ಬರುತ್ತಿತ್ತು. ಸೈತಾನನ ಕಾಟ ಎಂದುಕೊಂಡೆ. ಐದಕ್ಕೆ ಏಳುತ್ತಿದ್ದವನು ನಾಲ್ಕಕ್ಕೆ ಏಳತೊಡಗಿದೆ. ಆಗಲೂ ಮನಸ್ಸು ಒಣಗಿಯೇ ಇತ್ತು, ಬುಧವಾರದ ಉಪವಾಸ ಸೇರಿಸಿದೆ. ಅದೂ ಸಾಲಲಿಲ್ಲ, ಶುಕ್ರವಾರ ಇಡೀ ರಾತ್ರಿಯ ಪ್ರಾರ್ಥನೆಗೆ ಹೋಗತೊಡಗಿದೆ. ದಣಿದಷ್ಟೂ ಭಕ್ತಿ ಹೆಚ್ಚಿಸಿದೆ, ಭಕ್ತಿ ಹೆಚ್ಚಿಸಿದಷ್ಟೂ ನಿದ್ದೆ ಕಡಿಮೆಯಾಯಿತು, ನಿದ್ದೆ ಕಡಿಮೆಯಾದಷ್ಟೂ ದೇವರು ದೂರವಾದಂತೆ ಕಂಡಿತು. ಹುಬ್ಬಳ್ಳಿಯ ಅಕ್ಕ ಫೋನ್ ಮಾಡಿ, "ತಮ್ಮಾ, ಎರಡ್ ತಿಂಗಳು ಅವ್ವನ್ನ ನನ್ನ ಕಡೆ ಕಳಸು" ಅಂದಳು. ನಾನು "ಕರ್ತನ ಕೃಪೆಯಿಂದ ಎಲ್ಲಾ ನಡದೈತಿ ಅಕ್ಕಾ" ಅಂದೆ. ಸುಳ್ಳು. ಕರ್ತನ ಹೆಸರು ಹಿಡಿದು ಹೇಳಿದ ಸುಳ್ಳು. ಸಭಾಪಾಲಕರು ಕೇಳಿದಾಗಲೂ ಅದನ್ನೇ ಹೇಳಿದೆ. ನೋಡಿ, ಸಹಾಯ ಇರಲಿಲ್ಲ ಎಂದಲ್ಲ. ಬಾಗಿಲಿಗೆ ಬಂದಿದ್ದ ಸಹಾಯವನ್ನು ನಾನೇ ಹಿಂದಕ್ಕೆ ಕಳಿಸಿದೆ, ಹಾಗೆ ಕಳಿಸಿದ್ದನ್ನೇ ನನ್ನ ವಿಶ್ವಾಸದ ಸಾಕ್ಷಿ ಎಂದುಕೊಂಡೆ.

ಒಂದು ಶನಿವಾರ ಬೆಳಗ್ಗೆ ಆರಕ್ಕೆ ರಾತ್ರಿ ಪ್ರಾರ್ಥನೆಯಿಂದ ಬಂದೆ. ಅವ್ವನ ಜೊತೆ ಮಲಗಿದ್ದ ಪಕ್ಕದ ಮನೆಯ ಚಿಕ್ಕಮ್ಮ ಎದ್ದು ಹೋದರು. ಚಹಾಕ್ಕಿಟ್ಟು ಕುರ್ಚಿಯಲ್ಲಿ ಕೂತವನಿಗೆ ಹಾಗೇ ನಿದ್ದೆ ಹತ್ತಿತು. ಎಚ್ಚರವಾದದ್ದು ಅವ್ವ ಬಿದ್ದ ಸಪ್ಪಳಕ್ಕೆ. ಸೊಂಟದ ಮೂಳೆ ಮುರಿದಿತ್ತು. "ಮಲಗ್ಯಾನ, ಮಲಗಲಿ ಪಾಪ ಅಂತ ನಾನ ಎದ್ದೆ" ಅಂದಳು ಆಮೇಲೆ. ಆ ಮಾತನ್ನು ಇವತ್ತಿಗೂ ನನಗೆ ನುಂಗಲಾಗಿಲ್ಲ.

ಆಪರೇಷನ್ ದಿನ ಹೊರಗಿನ ಬೆಂಚಿನ ಮೇಲೆ ಕೂತು ಪ್ರಾರ್ಥಿಸಲು ನೋಡಿದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬಲ್ಲಿಗೆ ಬಾಯಿ ಕಟ್ಟಿತು, ಮುಂದಿನ ಮಾತು ಬರಲಿಲ್ಲ. ಮಧ್ಯಾಹ್ನ ಸ್ತ್ರೀ ಸಂಘದ ಹಿರಿಯರೊಬ್ಬರು ಬುತ್ತಿ ಕಟ್ಟಿಕೊಂಡು ಬಂದರು. ಜೋಳದ ರೊಟ್ಟಿ, ಎಣಗಾಯಿ ಪಲ್ಯ. ಉಪವಾಸ ಇದ್ದೇನೆ ಅಂದೆ. ಅವರು ಬುತ್ತಿ ಬಿಚ್ಚುತ್ತಲೇ ಅಂದರು: "ಎಲೀಯಗ ದೇವದೂತ ಬಂದು ಪ್ರಾರ್ಥನಾ ಮಾಡು ಅಂದನೇನು? ಏಳು, ಉಣ್ಣು ಅಂದ. ಮೊದಲ ಉಣ್ಣು."

ಆ ರಾತ್ರಿ ಬೈಬಲಿನಲ್ಲಿ ಎಲೀಯನ ಈ ಕಥೆ ಇರುವ ಅಧ್ಯಾಯ, 1 ಅರಸುಗಳು 19 ತೆಗೆದೆ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಪ್ರವಾದಿ ಮರುಗಳಿಗೆಯಲ್ಲೇ ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡುತ್ತಾನೆ, ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ, ದೇವದೂತ ಮತ್ತೆ ಎಬ್ಬಿಸಿ ಉಣ್ಣಿಸುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರ ಆ ಮೆಲುದನಿ ಕೇಳಿಸುವುದು ಇದೆಲ್ಲ ಆದಮೇಲೆ, ನಲವತ್ತು ದಿನ ನಡೆದ ಮೇಲೆ. ಭಾನುವಾರ ಶಾಲೆಯಲ್ಲಿ ಎಷ್ಟು ಸಲ ಹೇಳಿದ ಕಥೆ! ನಾನು ಪ್ರತಿ ಸಲ ರೊಟ್ಟಿಯನ್ನು ದಾಟಿ ಮೆಲುದನಿಗೆ ಹಾರುತ್ತಿದ್ದೆ. ನಿಮ್ಮ ಬಾಯಿಪಾಠದ ವಚನದ ಹಿಂದಿನ ವಚನವನ್ನೂ ಓದಿ, 40:30. ಯುವಕರೂ ದಣಿದು ಬಳಲುತ್ತಾರೆ ಎಂದು ಅಲ್ಲೇ ಬರೆದಿದೆ.

ಆಮೇಲಿನದು ನನ್ನ ಸಾಧನೆಯಲ್ಲ. ಸಭೆಯವರು ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಮಲಗಿದರು. ಅಕ್ಕ ಬಂದಳು. ಎರಡು ತಿಂಗಳು ನಾನು ಪ್ರಾರ್ಥನೆ ಎನ್ನುವಂಥದ್ದೇನೂ ಮಾಡಲಿಲ್ಲ. ನಿದ್ದೆ ಮಾಡಿದೆ, ಭಾನುವಾರ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತೆ. ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ನಾಲ್ವರು ಹೊತ್ತು ತಂದು ಚಾವಣಿ ತೆಗೆದು ಯೇಸುವಿನ ಮುಂದೆ ಇಳಿಸಿದ ಪಾರ್ಶ್ವವಾಯು ರೋಗಿ ನೆನಪಾಗುತ್ತಿದ್ದ. ಯೇಸು ನೋಡಿದ್ದು ಹೊತ್ತವರ ನಂಬಿಕೆಯನ್ನು. ಮೂರನೆಯ ತಿಂಗಳು ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಕೈ ಒಡ್ಡಿದಾಗ ಅಳು ಬಂತು. ಒಣಗಿದ್ದು ಕರಗಿತು ಎನಿಸಿದ್ದು ಅವತ್ತು.

ಸಭೆ ಬದಲಿಸಲೇ ಎಂದೂ ಕೇಳಿದ್ದೀರಿ. ಅದು ಈಗಿನ ಪ್ರಶ್ನೆಯೇ ಅಲ್ಲ. ದಣಿದ ಮೈಯನ್ನು ಎಲ್ಲಿಗೆ ಹೊತ್ತೊಯ್ದರೂ ಅದು ದಣಿದೇ ಇರುತ್ತದೆ. ಈ ವಾರವೇ ಸಭಾಪಾಲಕರ ಬಳಿ ಹೋಗಿ "ನಾನು ದಿನಕ್ಕೆ ಇಷ್ಟು ಗಂಟೆ ಮಲಗುತ್ತೇನೆ" ಎಂದು ಲೆಕ್ಕ ಹೇಳಿ. ಕೃಪೆಯಿಂದ ಚೆನ್ನಾಗಿದ್ದೇನೆ ಎನ್ನಬೇಡಿ. ಹಾಡಿನ ತಂಡವನ್ನು ಮೂರು ತಿಂಗಳು ಬೇರೆಯವರಿಗೆ ಒಪ್ಪಿಸಿ. ಯಾರಾದರೂ ಇದನ್ನು ಅವಿಶ್ವಾಸ ಎಂದರೆ ಎಲೀಯನ ಅಧ್ಯಾಯ ತೋರಿಸಿ. ಬದುಕು ಸಾಕು ಎನ್ನುವ ಯೋಚನೆ ಬರುತ್ತಿದ್ದರೆ ಮಾತ್ರ ವಾರ ಕಾಯಬೇಡಿ, ಇವತ್ತೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ವೈದ್ಯರನ್ನೂ ಕಾಣಿ. ಆ ರೊಟ್ಟಿಯನ್ನು ಕಳಿಸಿದವನೇ ಇವರನ್ನೂ ಕಳಿಸಿದ್ದಾನೆ ಎಂದು ನಾನು ಮನಸಾರೆ ನಂಬುತ್ತೇನೆ.

ಅವ್ವ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾಳೆ, ವರ್ಷದಲ್ಲಿ ನಾಲ್ಕು ತಿಂಗಳು ಅಕ್ಕನ ಮನೆಯಲ್ಲಿರುತ್ತಾಳೆ. ಶುಕ್ರವಾರದ ಪ್ರಾರ್ಥನೆಗೆ ಈಗಲೂ ಹೋಗುತ್ತೇನೆ, ಒಂಬತ್ತೂವರೆಗೆ ಎದ್ದು ಬರುತ್ತೇನೆ. ಅವ್ವ ಎಚ್ಚರ ಇರುತ್ತಾಳೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಅವಳು ಶುರುಮಾಡುತ್ತಾಳೆ, ಕೊನೆಯವರೆಗೆ ಇಬ್ಬರೂ ಹೇಳಿ ದೀಪ ಆರಿಸುತ್ತೇವೆ.