ಹೋಮಕ್ಕೆ ಒಪ್ಪುತ್ತಾರೆಯೇ ಎಂದು ಮೊದಲು ಕೇಳಿ

ಮಾನ್ಯರೇ,

ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಮಗಳು ಅಲ್ಲಿಯ ಹಳ್ಳಿಗಾಡಿನ ಹಳೆಯ ಬಂಗಲೆಯೊಂದರಲ್ಲೇ ಮದುವೆಯಾಗಬೇಕೆಂದು ಹಟ ಹಿಡಿದಿದ್ದಾಳೆ, ಅಲ್ಲಿ ಹೋಮ ಮಾಡಲು ಬಿಡುತ್ತಾರೋ ಇಲ್ಲವೋ, ಕಾನೂನು ಆ ಮದುವೆಯನ್ನು ಒಪ್ಪುತ್ತದೆಯೋ ಇಲ್ಲವೋ ಎಂದು ಚಿಂತಿಸಿ ಬರೆದಿದ್ದೀರಿ. ಮಗಳ ಆಸೆಗೆ ಅಡ್ಡ ಬರಬೇಡಿ ಎಂದೇ ನನ್ನ ಸಲಹೆ. ಆದರೆ ಕಾನೂನಿನ ವಿಚಾರ ತೀರ್ಮಾನವಾಗುವವರೆಗೆ ಮುಹೂರ್ತ ಇಡಿಸಬೇಡಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಂಗಲೆ, ಹೋಟೆಲುಗಳಲ್ಲಿ ಸಿವಿಲ್ ಮದುವೆ ನಡೆಸಲು ದಾರಿಯಾದದ್ದು 1994ರ ವಿವಾಹ ಕಾಯ್ದೆಯಿಂದ. ಮರುವರ್ಷ ಅದು ಜಾರಿಗೆ ಬಂದ ಮೇಲೆ, ಸೂರಿನ ದುರಸ್ತಿಗೂ ಪರದಾಡುತ್ತಿದ್ದ ಎಷ್ಟೋ ದೊಡ್ಡ ಮನೆಗಳಿಗೆ ಮದುವೆಯ ಬಾಡಿಗೆ ಆಸರೆಯಾಯಿತು. ಆದರೆ ಪರವಾನಗಿ ಪಡೆದ ಇಂಥ ಜಾಗದಲ್ಲಿ ರಿಜಿಸ್ಟ್ರಾರ್ ಎದುರು ನಡೆಯುವ ವಿಧಿ ಧಾರ್ಮಿಕವಾಗಿರಕೂಡದು. ಅದೇ ಮನೆಯಲ್ಲಿ ಪುರೋಹಿತರು ಧಾರೆ ಎರೆಸಿ ಸಪ್ತಪದಿ ತುಳಿಸಿದರೂ, ನೋಂದಣಿಯಾಗದಿದ್ದರೆ ಅದು ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 1998ರಲ್ಲಿ ಲಂಡನ್ನಿನ ಸೌಥಾಲ್‌ನ ರೆಸ್ಟೋರೆಂಟೊಂದರಲ್ಲಿ ನಿಕಾಹ್ ಆಗಿ, ನಾಲ್ಕು ಮಕ್ಕಳ ತಾಯಿಯಾಗಿದ್ದ ಮಹಿಳೆಯೊಬ್ಬರ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ 2020ರಲ್ಲಿ, ಕಾನೂನಿನ ಪ್ರಕಾರ ಅಲ್ಲಿ ಮದುವೆಯೇ ನಡೆದಿಲ್ಲ ಎಂದಿತು. ಮದುವೆ ಮುರಿದಾಗ ಹೆಂಡತಿಗೆ ಸಿಗಬೇಕಾದ ರಕ್ಷಣೆ ಕೈತಪ್ಪುವುದು ಹೀಗೆ. ಹೆಣ್ಣು ಹೆತ್ತವರು ಮೊದಲು ನೋಡಬೇಕಾದದ್ದು ಇದನ್ನು, ಹೋಮಕುಂಡವನ್ನಲ್ಲ.

ಆದ್ದರಿಂದ ಸಹಿ ಮೊದಲು ಆಗಲಿ. ವಧೂವರರು ತಾವಿರುವ ಊರಿನ ನೋಂದಣಿ ಕಚೇರಿಯಲ್ಲಿ ಕನಿಷ್ಠ 28 ದಿನ ಮುಂಚೆ ನೋಟಿಸ್ ಕೊಡಬೇಕು, ಅದಕ್ಕೂ ಮುನ್ನ ಏಳು ದಿನ ಅಲ್ಲಿ ವಾಸವಿರಬೇಕು. ವರ ವೀಸಾದ ಮೇಲೆ ಹೋಗುವವರಾದರೆ ಕಾಯುವ ಅವಧಿ 70 ದಿನಗಳಿಗೂ ಏರಬಹುದು. ಬೆಳಗಿನ ಎಂಟರಿಂದ ಸಂಜೆ ಆರರೊಳಗೇ ಮದುವೆಯಾಗಬೇಕೆಂಬ ಹಳೆಯ ಕಟ್ಟುಪಾಡು 2012ರಲ್ಲಿ ರದ್ದಾಗಿದೆ. ಬ್ರಾಹ್ಮೀ ಮುಹೂರ್ತಕ್ಕೆ ಕಾನೂನಿನ ಅಡ್ಡಿಯಿಲ್ಲ, ರಿಜಿಸ್ಟ್ರಾರ್ ಆ ಹೊತ್ತಿಗೆ ಬರಲು ಒಪ್ಪಬೇಕಷ್ಟೆ.

ಇನ್ನು ಬೆಂಕಿ. ಬಂಗಲೆಯವರು ಹೋಮ ಬೇಡವೆಂದರೆ ಅದನ್ನು ನಮ್ಮ ಧರ್ಮದ ಮೇಲಿನ ತಾತ್ಸಾರವೆಂದು ತಿಳಿಯಬೇಡಿ. ಸರ್ರೆ ಸೀಮೆಯ ಕ್ಲ್ಯಾಂಡನ್ ಪಾರ್ಕ್ 18ನೆಯ ಶತಮಾನದ ಬಂಗಲೆ, ಮದುವೆಗಳಿಗೆ ಹೆಸರಾಗಿತ್ತು. 2015ರ ಏಪ್ರಿಲ್ 29ರಂದು ನೆಲಮಾಳಿಗೆಯ ವಿದ್ಯುತ್ ಫಲಕದಿಂದ ಹೊತ್ತಿದ ಬೆಂಕಿಗೆ ಒಳಗಿನದ್ದೆಲ್ಲ ಬಹುಪಾಲು ಸುಟ್ಟುಹೋಯಿತು. ಯಾವ ಹೋಮವೂ ಅದಕ್ಕೆ ಕಾರಣವಲ್ಲ. ಆದರೆ ಒಣಗಿದ ಮರದ ಹಲಗೆಗಳ ಮನೆಯನ್ನು ಕಾಯುವವರ ಅಂಜಿಕೆ ಅದರಿಂದ ಅರ್ಥವಾಗುತ್ತದೆ. ಲಾಜಾಹೋಮದಲ್ಲಿ ಅರಳು, ತುಪ್ಪ ಬಿದ್ದಾಗ ಏಳುವ ಹೊಗೆಗೆ ಗಾರೆಯ ಹೂಬಳ್ಳಿಗಳು ಕಪ್ಪಿಡುತ್ತವೆ. ಅರಿಶಿನ ಬೆರೆಸಿದ ಅಕ್ಷತೆ ಒದ್ದೆಯಾಗಿ ಅಮೃತಶಿಲೆಯ ಮೇಲೆ ಬಿದ್ದರೆ ಹಳದಿ ಕಲೆ ಕಲ್ಲಿನೊಳಗೇ ಇಳಿಯುತ್ತದೆ, ಒರೆಸಿದರೆ ಹೋಗುವುದಿಲ್ಲ. ಮಾವಿನ ತೋರಣಕ್ಕೆಂದು ಬಾಗಿಲವಾಡಕ್ಕೆ ಮೊಳೆ ಹೊಡೆಯುವ ಮಾತನ್ನೇ ಎತ್ತಬೇಡಿ.

ನನ್ನ ಮನಸ್ಸಿಗೆ ಒಪ್ಪುವ ಏರ್ಪಾಡು ಹೀಗಿದೆ. ದೊಡ್ಡ ಹಜಾರದಲ್ಲಿ ನೋಂದಣಿ, ಹುಲ್ಲುಹಾಸಿನ ಮೇಲೆ ಶಾಮಿಯಾನದ ಮಂಟಪದಲ್ಲಿ ಧಾರೆ ಮತ್ತು ಹೋಮ, ಊಟ ಮತ್ತೆ ಒಳಗೆ. ಮಂಟಪದ ಬೆಂಕಿಗೂ ಅನುಮತಿ ಬೇಕು. ಕುಂಡದ ಅಳತೆ, ಎಷ್ಟು ಹೊತ್ತು ಉರಿಯುತ್ತದೆ, ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂಬುದನ್ನು ಪುರೋಹಿತರಿಂದ ಬರೆಸಿಕೊಂಡು ಬಂಗಲೆಯ ವ್ಯವಸ್ಥಾಪಕರಿಗೆ ಕಳುಹಿಸಿ. ಅವರ ಒಪ್ಪಿಗೆ ಲಿಖಿತವಾಗಿ ಕೈಸೇರಿದ ಮೇಲೆ ಮುಂಗಡ ಕಟ್ಟಿ.

— ಸಂಪಾದಕ