ಕೇಳಿ ಹೇಳ್ತೀವಿ: ಫೈಲ್ ಕಣ್ಮುಂದೇನೇ ಇದೆ, ಪೈಥಾನ್‌ಗೆ ಯಾಕೆ ಕಾಣ್ತಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಒಂದೇ ಥರದ್ದು ಇದ್ವು, "ಮಾಡ್ಯೂಲ್ ಇದೆ, ಆದ್ರೂ ಇಲ್ಲ ಅನ್ನತ್ತೆ" ಅಂತ. (ಮಾಡ್ಯೂಲ್ ಅಂದ್ರೆ ಬೇರೆ ಪ್ರೋಗ್ರಾಮ್‌ಗಳು ಕರೆದು ಬಳಸೋ ಕೋಡ್, ಹಾಗೆ ಕರೆಯೋದೇ ಇಂಪೋರ್ಟ್.) ಅದಕ್ಕೇ ಎಲ್ಲಾ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಸರ್, ಮಳೆ ಡೇಟಾ ಮೇಲೆ ಫೈನಲ್ ಇಯರ್ ಪ್ರಾಜೆಕ್ಟ್ ಮಾಡ್ತಿದೀನಿ. ಪ್ರಾಜೆಕ್ಟ್ ಫೋಲ್ಡರ್ ಒಳಗೆ "ಮಳೆ" ಅಂತ ಒಂದು, "ಸ್ಕ್ರಿಪ್ಟ್ಸ್" ಅಂತ ಒಂದು ಫೋಲ್ಡರ್ ಇದೆ. ಸ್ಕ್ರಿಪ್ಟ್ಸ್ ಒಳಗಿರೋ ರಿಪೋರ್ಟ್.ಪಿವೈ ಇಂದ ಮಳೆನ ಇಂಪೋರ್ಟ್ ಮಾಡಿದೀನಿ. ಪೈಚಾರ್ಮ್‌ನಲ್ಲಿ (ಕೋಡ್ ಬರೆಯೋ ಎಡಿಟರ್) ರನ್ ಒತ್ತಿದ್ರೆ ನೀಟಾಗಿ ಓಡತ್ತೆ, ಟರ್ಮಿನಲ್‌ನಲ್ಲಿ ಮಾತ್ರ ಮಾಡ್ಯೂಲ್ ನಾಟ್ ಫೌಂಡ್ ಎರರ್. ನಾನು ಪ್ರಾಜೆಕ್ಟ್ ಫೋಲ್ಡರ್ ಒಳಗೇ ನಿಂತು ಓಡಿಸ್ತಿರೋದು. ಏನ್ ಮಾಡ್ಲಿ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ನೀವು ಎಲ್ಲಿ ನಿಂತಿದೀರ ಅನ್ನೋದನ್ನ ಪೈಥಾನ್ ಇಲ್ಲಿ ಕೇಳೋದೇ ಇಲ್ಲ, ಗಂಟು ಇರೋದು ಅಲ್ಲೇ. ಸ್ಕ್ರಿಪ್ಟ್ ಹೆಸರು ಕೊಟ್ಟು ಓಡಿಸಿದ್ರೆ ಅದು ಮೊದಲು ನೋಡೋದು ಆ ಸ್ಕ್ರಿಪ್ಟ್ ಫೈಲ್ ಇರೋ ಫೋಲ್ಡರ್‌ನ, ಅಂದ್ರೆ ನಿಮ್ಮ ಕೇಸಲ್ಲಿ "ಸ್ಕ್ರಿಪ್ಟ್ಸ್". ಅದರ ಒಳಗೆ "ಮಳೆ" ಇಲ್ವಲ್ಲ.

ಊಹೆ ಮಾಡ್ತಾ ಕೂರೋ ಬದಲು ರಿಪೋರ್ಟ್.ಪಿವೈ ತಲೇಲಿ ಇಂಪೋರ್ಟ್ ಸಿಸ್ ಅಂತ ಹಾಕಿ ಸಿಸ್.ಪಾತ್‌ನ ಪ್ರಿಂಟ್ ಮಾಡಿ ನೋಡಿ. ಪೈಥಾನ್ ಮಾಡ್ಯೂಲ್ ಹುಡುಕೋ ಜಾಗಗಳ ಲಿಸ್ಟ್ ಬರತ್ತೆ, ಹುಡುಕೋದು ಅದೇ ಕ್ರಮದಲ್ಲಿ. ಮೊದಲನೇದು ಸ್ಕ್ರಿಪ್ಟ್ಸ್ ಫೋಲ್ಡರ್. ಆಮೇಲೆ ಪೈಥಾನ್‌ಪಾತ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಮ್‌ಗೆ ಹೊರಗಿಂದ ಕೊಡೋ ಸೆಟ್ಟಿಂಗ್) ನೀವೇನಾದ್ರೂ ಹಾಕಿದ್ರೆ ಅದು. ಆಮೇಲೆ ಪೈಥಾನ್312.ಜಿಪ್ ಥರ ಒಂದು ಹೆಸರು ಕಾಣತ್ತೆ, ಆ ಫೈಲ್ ಸಾಮಾನ್ಯವಾಗಿ ಡಿಸ್ಕಲ್ಲಿ ಇರೋದೇ ಇಲ್ಲ, ಗಾಬರಿ ಆಗ್ಬೇಡಿ, ಲೈಬ್ರರಿನ ಜಿಪ್ ಮಾಡಿ ಇಟ್ಟವರಿಗೋಸ್ಕರ ಇರೋ ಜಾಗ ಅದು. ಅದಾದ್ಮೇಲೆ ಪೈಥಾನ್ ಜೊತೆಗೇ ಬರೋ ಸ್ಟ್ಯಾಂಡರ್ಡ್ ಲೈಬ್ರರಿ, ಕೊನೇಲಿ ಪಿಪ್ (ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಟೂಲ್) ಹಾಕಿದ್ದೆಲ್ಲ ಹೋಗಿ ಬೀಳೋ ಸೈಟ್-ಪ್ಯಾಕೇಜಸ್. ಉಬುಂಟುವಿನ ಸಿಸ್ಟಮ್ ಪೈಥಾನ್‌ನಲ್ಲಿ ಅದಕ್ಕೆ ಡಿಸ್ಟ್-ಪ್ಯಾಕೇಜಸ್ ಅಂತಾರೆ.

ಹಾಗಾದ್ರೆ ಪೈಚಾರ್ಮ್‌ನಲ್ಲಿ ಹೇಗೆ ಓಡ್ತು ಅಂದ್ರೆ, ಅದರ ರನ್ ಕಾನ್ಫಿಗರೇಶನ್‌ನಲ್ಲಿ "ಕಂಟೆಂಟ್ ರೂಟ್‌ಗಳನ್ನ ಪೈಥಾನ್‌ಪಾತ್‌ಗೆ ಸೇರಿಸು" ಅಂತ ಒಂದು ಟಿಕ್ ಮೊದ್ಲಿಂದಾನೇ ಇರತ್ತೆ, ನಿಮಗೆ ಹೇಳ್ದೇನೇ ಪ್ರಾಜೆಕ್ಟ್ ಫೋಲ್ಡರ್‌ನ ಸೇರಿಸಿಬಿಡತ್ತೆ. ಆ ಟಿಕ್ ತೆಗೆದು ಓಡಿಸಿ ನೋಡಿ, ಅಲ್ಲೂ ಇದೇ ಎರರ್ ಬರತ್ತೆ. ಉಪಕಾರ ಮಾಡೋಕೆ ಹೋಗಿ ತೊಂದರೇನ ಮುಚ್ಚಿಡೋ ಇಂಥ ಟಿಕ್‌ಗಳು ನನಗಂತೂ ಇಷ್ಟ ಇಲ್ಲ.

ಈಗ ಸರಿ ಮಾಡೋದು. ತಕ್ಷಣಕ್ಕೆ ಬೇಕಂದ್ರೆ ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ನಿಂತು ಪೈಥಾನ್ ಹೈಫನ್ ಎಂ ಸ್ಕ್ರಿಪ್ಟ್ಸ್.ರಿಪೋರ್ಟ್ ಅಂತ ಹೊಡೀರಿ, ಸ್ಲ್ಯಾಶ್ ಬದಲು ಡಾಟ್, ಕೊನೇಲಿ ಪಿವೈ ಬೇಡ. ಹೈಫನ್ ಎಂ ಹಾಕಿದ್ರೆ ನೀವು ನಿಂತಿರೋ ಫೋಲ್ಡರ್ ಲಿಸ್ಟಿನ ತಲೇಗೆ ಬರತ್ತೆ. ಪ್ರಾಜೆಕ್ಟ್ ಇನ್ನೂ ಕೆಲವು ತಿಂಗಳು ಬಾಳಬೇಕು ಅಂದ್ರೆ ಒಂದು ವೆನ್ವ್ (ಆ ಪ್ರಾಜೆಕ್ಟ್‌ಗೆ ಅಂತಾನೇ ಇರೋ ಪ್ರತ್ಯೇಕ ಪೈಥಾನ್ ಜಾಗ) ಮಾಡ್ಕೊಳ್ಳಿ, ಹೆಸರು ಮತ್ತೆ ವರ್ಶನ್ ಇರೋ ಪುಟ್ಟ ಪೈಪ್ರಾಜೆಕ್ಟ್.ಟಾಮ್ಲ್ ಬರೀರಿ, ಪಿಪ್ ಇನ್‌ಸ್ಟಾಲ್ ಹೈಫನ್ ಇ ಡಾಟ್ ಅಂತ ಕೊಡಿ. ಆಗ ಸೈಟ್-ಪ್ಯಾಕೇಜಸ್ ಒಳಗೆ .ಪಿಟಿಎಚ್ ಅಂತ ಕೊನೆಯಾಗೋ ಒಂದು ಸಣ್ಣ ಫೈಲ್ ಬೀಳತ್ತೆ, ಪೈಥಾನ್ ಶುರುವಾಗೋವಾಗ ಅದನ್ನ ಓದಿ ನಿಮ್ಮ ಕೋಡ್ ಎಲ್ಲಿದೆ ಅಂತ ತಿಳ್ಕೊಳ್ಳತ್ತೆ, ಆಮೇಲೆ ಯಾವ ಫೋಲ್ಡರ್‌ನಿಂದ ಓಡಿಸಿದ್ರೂ "ಮಳೆ" ಸಿಗತ್ತೆ, ಕೋಡ್ ಬದಲಾಯಿಸಿದ್ರೆ ಮತ್ತೆ ಇನ್‌ಸ್ಟಾಲ್ ಮಾಡೋದೂ ಬೇಡ. (ಆ ಪಿಟಿಎಚ್ ಫೈಲಲ್ಲಿ ಇಂಪೋರ್ಟ್ ಅಂತ ಶುರುವಾಗೋ ಸಾಲು ಇದ್ರೆ ಪೈಥಾನ್ ಅದನ್ನ ಸೀದಾ ಎಕ್ಸಿಕ್ಯೂಟ್ ಮಾಡಿಬಿಡತ್ತೆ, ಹಾಗಾಗಿ ಯಾರೋ ಕೊಟ್ಟ ಪಿಟಿಎಚ್‌ನ ಕಣ್ಮುಚ್ಚಿ ಹಾಕ್ಕೋಬೇಡಿ.)

ನೆಟ್ಟಲ್ಲಿ ಹುಡುಕಿದ್ರೆ ಸಿಸ್.ಪಾತ್.ಅಪೆಂಡ್ ಅಂತ ಒಂದು ಸಾಲು ಹಾಕಿ ಅನ್ನೋರೇ ಜಾಸ್ತಿ. ಒಂದು ಫೈಲಿಗೆ ನಡೆಯತ್ತೆ. ಆಮೇಲೆ ಪ್ರತಿ ಫೈಲಿನ ತಲೇಲೂ ಅದೇ ಸಾಲು, ಒಂದು ಫೈಲ್ ಒಂದು ಫೋಲ್ಡರ್ ಒಳಗೆ ಸರಿದ್ರೆ ಎಲ್ಲಾ ಡಾಟ್ ಡಾಟ್ ಸ್ಲ್ಯಾಶ್ ಎಣಿಸ್ತಾ ಕೂರೋದು. ಬೇಡ ಅಂತೀನಿ.

ಪ್ರಶ್ನೆ: ಬ್ಯಾಶ್‌ಆರ್‌ಸಿ (ಟರ್ಮಿನಲ್ ತೆರೆದಾಗ ಓದೋ ಸೆಟ್ಟಿಂಗ್ ಫೈಲ್) ಒಳಗೆ ಪೈಥಾನ್‌ಪಾತ್ ಎಕ್ಸ್‌ಪೋರ್ಟ್ ಮಾಡಿದೀನಿ, ಕೈಯಲ್ಲಿ ಓಡಿಸಿದ್ರೆ ಸರಿ ಇದೆ, ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಓಡಿಸೋ ಪ್ರೋಗ್ರಾಮ್) ಅದೇ ಸ್ಕ್ರಿಪ್ಟ್ ಫೇಲ್ ಆಗತ್ತೆ.
— ಓದುಗರು, ಮಂಗಳೂರು

ಉತ್ತರ: ಕ್ರಾನ್ ನಿಮ್ಮ ಬ್ಯಾಶ್‌ಆರ್‌ಸಿ ಓದೋದೇ ಇಲ್ಲ. ಸುಡೊ ಹಾಕಿ (ಅಂದ್ರೆ ಅಡ್ಮಿನ್ ಆಗಿ) ಓಡಿಸಿದ್ರೂ ಸಾಮಾನ್ಯವಾಗಿ ಇದೇ ಕಥೆ, ಅದು ನಿಮ್ಮ ಎನ್ವಿರಾನ್ಮೆಂಟ್‌ನ ಮುಕ್ಕಾಲು ಪಾಲು ತೊಳೆದು ಹಾಕತ್ತೆ. ಕ್ರಾನ್‌ಟ್ಯಾಬ್ (ಕ್ರಾನ್ ಓದೋ ಪಟ್ಟಿ) ಒಳಗೇ ವೇರಿಯಬಲ್ ಹಾಕಬಹುದು, ಆದ್ರೆ ಅದಕ್ಕಿಂತ ವೆನ್ವ್ ಮಾಡಿ, ಕ್ರಾನ್ ಸಾಲಿನಲ್ಲಿ ಬರೀ ಪೈಥಾನ್ ಅನ್ನೋ ಬದಲು ಆ ವೆನ್ವ್‌ನ ಬಿನ್ ಫೋಲ್ಡರ್ ಒಳಗಿನ ಪೈಥಾನ್‌ದು ಪೂರ್ತಿ ಪಾತ್ ಕೊಡಿ. ಆಕ್ಟಿವೇಟ್ ಮಾಡ್ಲೇಬೇಕು ಅಂತ ಸುಮಾರು ಜನ ಅಂದ್ಕೊಂಡಿದಾರೆ, ಬೇಕಿಲ್ಲ. ಆಕ್ಟಿವೇಟ್ ಮಾಡೋ ಮುಖ್ಯ ಕೆಲಸ ಬಿನ್ ಫೋಲ್ಡರ್‌ನ ಶೆಲ್ಲಿನ ಪಾತ್‌ನಲ್ಲಿ (ಕಮಾಂಡ್ ಹುಡುಕೋ ಲಿಸ್ಟ್, ಸಿಸ್.ಪಾತ್ ಅಲ್ಲ) ಮುಂದಕ್ಕೆ ತರೋದು ಅಷ್ಟೇ. ಆ ಪೈಥಾನ್ ಶುರುವಾದಾಗ ತಾನಿರೋ ಫೋಲ್ಡರ್‌ನಲ್ಲಿ, ಇಲ್ಲಾಂದ್ರೆ ಅದರ ಮೇಲಿನ ಫೋಲ್ಡರ್‌ನಲ್ಲಿ ಪೈವೆನ್ವ್.ಸಿಎಫ್‌ಜಿ ಇದೆಯಾ ನೋಡತ್ತೆ, ಇದ್ರೆ ತನ್ನ ಸೈಟ್-ಪ್ಯಾಕೇಜಸ್ ಯಾವುದು ಅಂತ ಅಲ್ಲಿಂದಾನೇ ಗೊತ್ತು ಮಾಡ್ಕೊಳ್ಳತ್ತೆ. 2012ರಲ್ಲಿ ಬಂದ 3.3ರಿಂದ ವೆನ್ವ್ ಪೈಥಾನ್ ಜೊತೆಗೇ ಇದೆ.

ಇನ್ನೊಂದು, ಪೈಥಾನ್‌ಪಾತ್ ಅನ್ನೋದು ಮಷೀನಲ್ಲಿರೋ ಎಲ್ಲಾ ಪೈಥಾನ್‌ಗೂ ತಾಗತ್ತೆ, 3.8ಕ್ಕೆ ಕಂಪೈಲ್ ಆದ ನಂಪೈ ಲೈಬ್ರರಿನ 3.12 ಎತ್ಕೊಂಡು ವಿಚಿತ್ರ ಎರರ್ ಕೊಡೋದು ಹೀಗೇ. ಹಳೇ ಪೈಥಾನ್‌ಪಾತ್, ಕೋಲನ್, ಹೊಸ ಫೋಲ್ಡರ್ ಅಂತ ಬರೆದಿರ್ತೀರಲ್ಲ, ಹಳೇದು ಖಾಲಿ ಇದ್ರೆ ಕೋಲನ್ ಮುಂದೆ ಏನೂ ಇರಲ್ಲ, ಆ ಖಾಲೀನ ಪೈಥಾನ್ "ಈಗ ನಿಂತಿರೋ ಫೋಲ್ಡರ್" ಅಂತ ತಿಳ್ಕೊಳ್ಳತ್ತೆ. ವಿಂಡೋಸ್‌ನಲ್ಲಿ ಕೋಲನ್ ಅಲ್ಲ, ಸೆಮಿಕೋಲನ್.

ಪ್ರಶ್ನೆ: ರ‍್ಯಾಂಡಮ್ ಇಂಪೋರ್ಟ್ ಮಾಡಿದೀನಿ ಆದ್ರೆ ರ‍್ಯಾಂಡಿಂಟ್ ಅನ್ನೋ ಫಂಕ್ಷನ್ನೇ ಇಲ್ಲ ಅನ್ನತ್ತೆ. ಪೈಥಾನ್ ತೆಗೆದು ಮತ್ತೆ ಹಾಕಿದ್ರೂ ಅದೇ.
— ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿಮ್ಮ ಫೋಲ್ಡರ್‌ನಲ್ಲಿ ರ‍್ಯಾಂಡಮ್.ಪಿವೈ ಅಂತ ಫೈಲ್ ಇಟ್ಟಿದೀರಮ್ಮ, ನೂರಕ್ಕೆ ತೊಂಬತ್ತು ಪಾಲು ಅದೇ. ಲಿಸ್ಟಲ್ಲಿ ಮೊದಲು ಸಿಕ್ಕಿದ್ದನ್ನೇ ಪೈಥಾನ್ ಎತ್ಕೊಳ್ಳೋದು, ಸ್ಟ್ಯಾಂಡರ್ಡ್ ಲೈಬ್ರರಿವರೆಗೂ ಹೋಗೋದೇ ಇಲ್ಲ. ಅನುಮಾನ ಇದ್ರೆ ರ‍್ಯಾಂಡಮ್, ಡಾಟ್, ಆಮೇಲೆ ಫೈಲ್ ಅನ್ನೋದರ ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್ ಹಾಕಿ ಪ್ರಿಂಟ್ ಮಾಡಿ, ಯಾವ ಫೈಲ್ ಬಂದಿದೆ ಅಂತ ಬಾಯ್ಬಿಡತ್ತೆ. ಹೆಸರು ಬದಲಾಯಿಸಿ, ಅಷ್ಟೇ. 2024ರಲ್ಲಿ ಬಂದ 3.13 ಆದ್ರೆ "ಸ್ಟ್ಯಾಂಡರ್ಡ್ ಲೈಬ್ರರಿ ಹೆಸರೇ ಇಟ್ಟಿದೀರ, ಬದಲಾಯಿಸಿ" ಅಂತ ಎರರ್‌ನಲ್ಲೇ ಹೇಳತ್ತೆ. 3.11ರಿಂದ ಹೈಫನ್ ದೊಡ್ಡ ಪಿ ಅಂತ ಒಂದು ಆಪ್ಶನ್ ಇದೆ, ಮೊದಲ ಫೋಲ್ಡರ್‌ನ ಸೇರಿಸೋದೇ ಇಲ್ಲ, ಆದ್ರೆ ಆಗ ಪಕ್ಕದಲ್ಲಿರೋ ನಿಮ್ಮದೇ ಫೈಲ್‌ಗಳೂ ಸಿಗಲ್ಲ. ತಮಾಷೆ ಏನಂದ್ರೆ ಸಿಸ್.ಪಿವೈ ಅಂತ ಇಟ್ರೆ ಏನೂ ಆಗಲ್ಲ, ಸಿಸ್ ಪೈಥಾನ್ ಒಳಗೇ ಬೆರೆತಿರೋದ್ರಿಂದ ಲಿಸ್ಟ್ ನೋಡೋ ಮುಂಚೇನೇ ಸಿಕ್ಬಿಡತ್ತೆ, ನಿಮ್ಮ ಫೈಲ್‌ನ ಯಾರೂ ಕೇಳಲ್ಲ.

ಪ್ರಶ್ನೆ: ಪೈಥಾನ್ ಅಲ್ಲ, ಪರ್ಲ್ ಭಾಷೆ. ಆಫೀಸಲ್ಲಿ ವರ್ಷಗಟ್ಟಲೆ ಓಡಿದ ಸ್ಕ್ರಿಪ್ಟ್, ಸರ್ವರ್ ಅಪ್‌ಗ್ರೇಡ್ ಆದ್ಮೇಲೆ ಪಕ್ಕದಲ್ಲೇ ಇರೋ ಮಾಡ್ಯೂಲ್ ಸಿಗ್ತಿಲ್ಲ ಅನ್ನತ್ತೆ. ಒಂದಕ್ಷರ ಬದಲಾಯಿಸಿಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ನೀವು ಬದಲಾಯಿಸಿಲ್ಲ, ಪರ್ಲ್ ಬದಲಾಯ್ತು. ಪರ್ಲ್ ಹುಡುಕೋ ಲಿಸ್ಟ್ ಹೆಸರು @ಇಂಕ್, ಮೊದಲೆಲ್ಲ ಅದರ ಕೊನೇಲಿ ಒಂದು ಚುಕ್ಕಿ ಇರ್ತಿತ್ತು, ಅಂದ್ರೆ ಈಗ ನಿಂತಿರೋ ಫೋಲ್ಡರ್. 2017ರ 5.26ರಲ್ಲಿ ಅದನ್ನ ತೆಗೆದ್ರು. ಕಾರಣ ಸೆಕ್ಯುರಿಟಿ: ರೂಟ್ ಯೂಸರ್ (ಎಲ್ಲಾ ಅಧಿಕಾರ ಇರೋ ಅಡ್ಮಿನ್) ಟೆಂಪ್ ಫೋಲ್ಡರ್‌ನಲ್ಲಿ ನಿಂತು ಏನೋ ಓಡಿಸ್ತಾನೆ ಅನ್ಕೊಳ್ಳಿ, ಆ ಪ್ರೋಗ್ರಾಮ್ ಹುಡುಕೋ ಯಾವುದೋ ಮಾಡ್ಯೂಲ್ ಇನ್‌ಸ್ಟಾಲ್ ಆಗಿಲ್ಲ, ಅದೇ ಹೆಸರಲ್ಲಿ ಇನ್ಯಾರೋ ಅಲ್ಲಿ ಒಂದು ಫೈಲ್ ಇಟ್ಟಿದ್ರೆ ಅದು ರೂಟ್ ಆಗಿ ಓಡತ್ತೆ. ಎರರ್ ಮೆಸೇಜ್‌ನಲ್ಲೇ @ಇಂಕ್ ಒಳಗೆ ಏನೇನಿದೆ ಅಂತ ಬರತ್ತೆ, ಚುಕ್ಕಿ ಇದೆಯಾ ನೋಡಿ.

ಸ್ಕ್ರಿಪ್ಟ್ ತಲೇಲಿ ಯೂಸ್ ಫೈಂಡ್‌ಬಿನ್ ಅಂತ ಹಾಕಿ, ಕೆಳಗಿನ ಸಾಲಿನಲ್ಲಿ ಯೂಸ್ ಲಿಬ್ ಅಂತ ಬರೆದು ಅದಕ್ಕೆ ಡಬಲ್ ಕೋಟ್ ಒಳಗೆ $ಫೈಂಡ್‌ಬಿನ್::ಬಿನ್ ಕೊಡಿ, ಸ್ಕ್ರಿಪ್ಟ್ ಇರೋ ಫೋಲ್ಡರ್ ಲಿಸ್ಟಿಗೆ ಬರತ್ತೆ. ಸ್ಕ್ರಿಪ್ಟ್ ಬಹಳ ಇದ್ದು ಇವತ್ತೇ ಎಲ್ಲಾ ತಿದ್ದೋಕೆ ಆಗಲ್ಲ ಅಂದ್ರೆ ಪರ್ಲ್5ಲಿಬ್ ವೇರಿಯಬಲ್‌ನಲ್ಲಿ ಆ ಫೋಲ್ಡರ್ ಹೆಸರು ಕೊಡಿ. ಪರ್ಲ್_ಯೂಸ್_ಅನ್‌ಸೇಫ್_ಇಂಕ್ ಅನ್ನೋದನ್ನ 1 ಮಾಡಿದ್ರೆ ಹಳೇ ಚುಕ್ಕಿ ವಾಪಸ್ ಬರತ್ತೆ, ಹೆಸರಲ್ಲೇ ಅನ್‌ಸೇಫ್ ಅಂತ ಇದೆ, ಅದನ್ನ ಹಾಕಿ ಮರೆತುಬಿಡೋ ಹಾಗಿದ್ರೆ ಹಾಕ್ಲೇಬೇಡಿ. ಇದೂ ಕ್ರಾನ್‌ನಲ್ಲಿ ಓಡೋದಾದ್ರೆ ಮೇಲೆ ಮಂಗಳೂರಿನವರಿಗೆ ಹೇಳಿದ್ದೇ ನಿಮಗೂ, ಬ್ಯಾಶ್‌ಆರ್‌ಸಿ ನಂಬ್ಕೋಬೇಡಿ.